ಬ್ಯೂಟ್: ನೀರು ತುಂಬಿದ ಗಣಿಯ ದಡದ ಊರು

ಒಂದು ತಿಂಡಿಯಿಂದ ಶುರು ಮಾಡುತ್ತೇನೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಬ್ಯೂಟ್ ಅಂತ ಒಂದು ಊರಿದೆ. ಅಲ್ಲಿಯ ಹಳೆಯ ಹೋಟೆಲೊಂದರಲ್ಲಿ ಕೂತು ಪಾಸ್ಟಿ ಬೇಕು ಅಂದರೆ, ನಮ್ಮ ಕರ್ಜಿಕಾಯಿಯನ್ನೇ ಅಂಗೈಗಿಂತ ದೊಡ್ಡದು ಮಾಡಿದ ಹಾಗಿರುವ ಒಂದು ಪದಾರ್ಥ ತಟ್ಟೆಗೆ ಬರುತ್ತದೆ. ಅಂಚನ್ನು ನಮ್ಮ ಅಮ್ಮಂದಿರ ಹಾಗೇ ಮಡಿಸಿ ಒತ್ತಿರುತ್ತಾರೆ. ಒಳಗಿರುವುದು ಸಿಹಿ ಹೂರಣವಲ್ಲ. ಮಾಂಸ, ಆಲೂಗಡ್ಡೆ, ಈರುಳ್ಳಿ, ಮೆಣಸು. ಮೇಲೆ ಕಂದು ಬಣ್ಣದ ಗ್ರೇವಿ ಸುರಿದಿರುತ್ತಾರೆ. ಮಧ್ಯಾಹ್ನ ಒಂದು ತಿಂದವನಿಗೆ ರಾತ್ರಿಯವರೆಗೂ ಹಸಿವು ಹತ್ತಿರ ಸುಳಿಯುವುದಿಲ್ಲ. ಗಣಿಗೆ ಇಳಿಯುವವನ ಬುತ್ತಿ ಅದು. ಜೇಬಿನಲ್ಲಿಟ್ಟುಕೊಂಡು ಹೋಗಬಹುದು, ಕತ್ತಲಲ್ಲಿ ಕೈಯಲ್ಲೇ ಹಿಡಿದು ತಿನ್ನಬಹುದು. ಬ್ಯೂಟ್‌ನ ಗಣಿ ಕಾರ್ಮಿಕರು ಅದನ್ನು ಕರೆಯುತ್ತಿದ್ದದ್ದು ‘ಮನೆಯಿಂದ ಬಂದ ಕಾಗದ’ ಅಂತ.

ಆ ಕಾಗದ ಎಲ್ಲಿಂದ ಬರುತ್ತಿತ್ತು ಗೊತ್ತೇ? ಇಂಗ್ಲೆಂಡಿನ ತುತ್ತತುದಿಯ ಕಾರ್ನ್‌ವಾಲ್‌ನಿಂದ. ಅಲ್ಲಿ ತವರ ಮತ್ತು ತಾಮ್ರದ ಗಣಿಗಳಿದ್ದವು. 1860ರ ದಶಕದಲ್ಲಿ ತಾಮ್ರದ ಬೆಲೆ ಬಿದ್ದು ಗಣಿಗಳು ಒಂದೊಂದಾಗಿ ಮುಚ್ಚಿದಾಗ, ಬಂಡೆ ಒಡೆಯುವುದೊಂದೇ ವಿದ್ಯೆ ಗೊತ್ತಿದ್ದ ಆ ಜನ ಹಡಗು ಹತ್ತಿ ಜಗತ್ತಿನ ತುಂಬ ಚದುರಿದರು. ಭೂಮಿಗೆ ಎಲ್ಲಿ ತೂತು ಕೊರೆದಿದ್ದಾರೋ ಅದರ ತಳದಲ್ಲಿ ಒಬ್ಬ ಕಾರ್ನ್‌ವಾಲ್‌ನವನಿರುತ್ತಾನೆ ಅನ್ನುವ ಮಾತೇ ಹುಟ್ಟಿಕೊಂಡಿತು. ಹಾಗೆ ಹೊರಟವರಲ್ಲಿ ಕೆಲವರು ಬ್ಯೂಟ್‌ಗೆ ಹೋದರು. ಇನ್ನು ಕೆಲವರು ಎಲ್ಲಿಗೆ ಬಂದರು ಅನ್ನುವುದನ್ನು ಕೋಲಾರದವರಿಗೆ ನಾನು ಹೇಳಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ನಮ್ಮ ಚಿನ್ನದ ಗಣಿಗಳನ್ನು ಕೈಗೆ ತೆಗೆದುಕೊಂಡಾಗ ಅವರ ಜೊತೆ ಇಲ್ಲಿಗೆ ಬಂದ ಗಣಿಗಾರರು, ಫೋರ್‌ಮನ್‌ಗಳು ಇದೇ ಕಾರ್ನ್‌ವಾಲ್‌ನವರು. ಅಣ್ಣ ಮಾರಿಕುಪ್ಪದಲ್ಲಿ, ತಮ್ಮ ಮೊಂಟಾನಾದಲ್ಲಿ ಕೆಲಸಕ್ಕಿದ್ದಿರಬಹುದಾದ ಕಾಲ ಅದು. ಅದಕ್ಕೇ ಬ್ಯೂಟ್ ನನಗೆ ದೂರದ ಊರು ಅನ್ನಿಸಲೇ ಇಲ್ಲ. ಮೊದಲ ಸಲ ಅಲ್ಲಿ ಬಸ್ಸಿಳಿದು ಗುಡ್ಡದ ಮೇಲೆ ಸಾಲಾಗಿ ನಿಂತ ಕಬ್ಬಿಣದ ಹೆಡ್‌ಗೇರ್‌ಗಳನ್ನು, ಅಂದರೆ ಗಣಿಯ ಬಾಯಿಯ ಮೇಲೆ ಜನರನ್ನೂ ಅದಿರನ್ನೂ ಎತ್ತಿ ಇಳಿಸಲು ಕಟ್ಟಿದ ಗೋಪುರಗಳನ್ನು ನೋಡಿದಾಗ ಎದೆ ಧಸಕ್ಕೆಂದಿತು. ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿಯ ಕಡೆಯಿಂದ ಬಂದ ಯಾರಿಗಾದರೂ ಹಾಗೇ ಆಗುತ್ತದೆ.

ಊರು ಹೇಗಿದೆ ಅಂತ ಮೊದಲು ಹೇಳಿಬಿಡುತ್ತೇನೆ. ರಾಕಿ ಪರ್ವತಗಳ ನಡುವೆ, ಸಮುದ್ರ ಮಟ್ಟದಿಂದ ಸುಮಾರು 5,500 ಅಡಿ ಎತ್ತರದಲ್ಲಿದೆ. ಊರಿನ ಪೂರ್ವಕ್ಕೆ ಗೋಡೆಯ ಹಾಗೆ ನಿಂತಿರುವ ಬೆಟ್ಟಸಾಲೇ ಖಂಡದ ನೀರನ್ನು ಎರಡಾಗಿ ಸೀಳುವ ಗೆರೆ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯ ಹಾಗೆ. ಅದರ ಆಚೆ ಬಿದ್ದ ಮಳೆ ಮಿಸೌರಿ ನದಿ ಸೇರಿ ಮೆಕ್ಸಿಕೋ ಕೊಲ್ಲಿಗೆ ಹೋಗುತ್ತದೆ. ಈಚೆ ಬಿದ್ದದ್ದು ಸಿಲ್ವರ್ ಬೋ ಎಂಬ ತೊರೆಯಾಗಿ, ಕ್ಲಾರ್ಕ್ ಫೋರ್ಕ್ ನದಿಯಾಗಿ, ಕೊನೆಗೆ ಕೊಲಂಬಿಯಾ ನದಿಯ ಜೊತೆ ಪೆಸಿಫಿಕ್ ಸಾಗರಕ್ಕೆ. ಈ ತೊರೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ. ಊರಿನ ಹಳೆಯ ಭಾಗ ಗುಡ್ಡದ ಇಳಿಜಾರಿನ ಮೇಲಿದೆ, ಅದಕ್ಕೆ ಅಪ್‌ಟೌನ್ ಅನ್ನುತ್ತಾರೆ. ಕೆಳಗಿನ ಬಯಲಿಗೆ ‘ಫ್ಲಾಟ್’. ಬೀದಿಗಳ ಹೆಸರು ಕೇಳಿ: ಗ್ರಾನೈಟ್, ಕ್ವಾರ್ಟ್ಜ್, ಗಲೀನಾ, ಮರ್ಕ್ಯುರಿ, ಸಿಲ್ವರ್, ಪ್ಲಾಟಿನಂ. ಭೂವಿಜ್ಞಾನದ ಪಾಠವನ್ನೇ ಬೀದಿಗಳಿಗೆ ಬರೆದಿಟ್ಟಿದ್ದಾರೆ. ಆ ಬೀದಿಗಳ ಅಡಿಯಲ್ಲಿ, ಗುಡ್ಡದ ಹೊಟ್ಟೆಯೊಳಗೆ, ಸುಮಾರು 10 ಸಾವಿರ ಮೈಲಿ ಉದ್ದದ ಸುರಂಗಗಳಿವೆ ಅಂತ ಊರಿನವರು ಲೆಕ್ಕ ಹೇಳುತ್ತಾರೆ. ಮೌಂಟನ್ ಕಾನ್ ಎಂಬ ಗಣಿಯ ಹೆಡ್‌ಗೇರ್ ಮೇಲೆ ‘ಮೈಲಿ ಎತ್ತರ, ಮೈಲಿ ಆಳ’ ಅಂತ ಬರೆದಿದ್ದಾರೆ. ಒಂದು ಮೈಲಿ ಎತ್ತರದ ಊರು, ಅಲ್ಲಿಂದ ಮತ್ತೆ ಒಂದು ಮೈಲಿ ಕೆಳಕ್ಕೆ ಇಳಿಯುವ ಶಾಫ್ಟು.

1864ರಲ್ಲಿ ಈ ತೊರೆಯ ಮರಳಿನಲ್ಲಿ ಚಿನ್ನ ಸಿಕ್ಕಿತು, ಬೇಗನೇ ಮುಗಿಯಿತು. 1870ರ ದಶಕದಲ್ಲಿ ಬೆಳ್ಳಿ. ಐರ್ಲೆಂಡಿನ ಕ್ಯಾವನ್ ಎಂಬಲ್ಲಿಂದ ಬರಿಗೈಯಲ್ಲಿ ಬಂದಿದ್ದ ಮಾರ್ಕಸ್ ಡೇಲಿ 1881ರಲ್ಲಿ ಅನಕೊಂಡಾ ಎಂಬ ಗಣಿ ಕೊಂಡದ್ದೂ ಬೆಳ್ಳಿಗಾಗಿಯೇ. ಮಾರನೇ ವರ್ಷ ಆಳಕ್ಕೆ ಹೋದಾಗ ಸಿಕ್ಕಿದ್ದು ತಾಮ್ರದ ದಪ್ಪ ಪದರ. ಅದೇ 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ತನ್ನ ವಿದ್ಯುತ್ ಕೇಂದ್ರ ಶುರು ಮಾಡಿದ. 1881ರ ಕೊನೆಯಲ್ಲಿ ಬ್ಯೂಟ್‌ಗೆ ರೈಲು ಬಂದಿತ್ತು. ಈ ಮೂರೂ ಹೀಗೆ ಕೂಡಿಬಂದವು. ಜಗತ್ತಿಗೆ ತಂತಿ ಬೇಕಾಯಿತು, ತಂತಿಗೆ ತಾಮ್ರ ಬೇಕಾಯಿತು, ಆ ತಾಮ್ರ ಈ ಒಂದು ಗುಡ್ಡದಲ್ಲಿತ್ತು. 1896ರ ಹೊತ್ತಿಗೆ ಜಗತ್ತಿನ ತಾಮ್ರದಲ್ಲಿ ಸುಮಾರು ಕಾಲು ಭಾಗ ಬ್ಯೂಟ್‌ನದು. ‘ಭೂಮಿಯ ಮೇಲಿನ ಅತಿ ಶ್ರೀಮಂತ ಗುಡ್ಡ’ ಅನ್ನುವ ಬಿರುದು ಬಂತು. ಡೇಲಿ, ವಿಲಿಯಂ ಕ್ಲಾರ್ಕ್, ಆಗಸ್ಟಸ್ ಹೈನ್ಜ್ ಎಂಬ ಮೂವರು ‘ತಾಮ್ರದ ದೊರೆ’ಗಳ ಜಗಳದ ಬಗ್ಗೆ ಅಲ್ಲಿ ಯಾರನ್ನು ಕೇಳಿದರೂ ಗಂಟೆಗಟ್ಟಲೆ ಹೇಳುತ್ತಾರೆ. ಕ್ಲಾರ್ಕ್ ಲಂಚ ಕೊಟ್ಟು ಸೆನೆಟ್ ಸೇರಲು ಹೋಗಿ ಸಿಕ್ಕಿಬಿದ್ದ. ಸೆನೆಟರ್‌ಗಳನ್ನು ಜನರೇ ನೇರವಾಗಿ ಆರಿಸಬೇಕು ಎಂದು 1913ರಲ್ಲಿ ಅಮೆರಿಕದ ಸಂವಿಧಾನಕ್ಕೆ ತಿದ್ದುಪಡಿ ಬಂದದ್ದಕ್ಕೆ ಅವನ ಆ ಹಗರಣವೂ ಒಂದು ಕಾರಣ. ದೊರೆಗಳ ಕಥೆ ಇಷ್ಟು ಸಾಕು. ನನಗೆ ಹೇಳಬೇಕಿರುವುದು ಕೆಳಗೆ ಇಳಿದವರ ಕಥೆ.

ಯಾರೆಲ್ಲ ಬಂದರು ನೋಡಿ. ಕಾರ್ನ್‌ವಾಲ್‌ನವರು ಬಂದರು, ಕೆಲಸಕ್ಕೆ ಜನ ಬೇಕು ಅಂದಾಗಲೆಲ್ಲ ‘ಊರಲ್ಲಿ ನನ್ನ ಕಸಿನ್ ಜಾಕ್ ಇದ್ದಾನೆ, ಕರೆಸುತ್ತೇನೆ’ ಅನ್ನುತ್ತಿದ್ದರಂತೆ, ಹಾಗಾಗಿ ಅವರಿಗೆಲ್ಲ ಕಸಿನ್ ಜಾಕ್ ಅಂತಲೇ ಹೆಸರಾಯಿತು. ಐರಿಷರಂತೂ ತಂಡತಂಡವಾಗಿ ಬಂದರು, ಅದರಲ್ಲೂ ಕಾರ್ಕ್ ಜಿಲ್ಲೆಯ ಬೇರಾ ಎಂಬ ಕಡಲ ಮೂಲೆಯಿಂದ. ಅಲ್ಲಿಯೂ ತಾಮ್ರದ ಗಣಿ ಇತ್ತು, ಅಲ್ಲಿಯೂ ಮುಚ್ಚಿತ್ತು. 1900ರಲ್ಲಿ ಒಟ್ಟು ಜನರಲ್ಲಿ ಐರಿಷರ ಪಾಲು ನೋಡಿದರೆ ಬ್ಯೂಟ್ ಬಾಸ್ಟನ್ನನ್ನೂ ಮೀರಿಸಿತ್ತು. ಫಿನ್‌ಲ್ಯಾಂಡಿನವರಿಗೆ ಫಿನ್‌ಟೌನ್, ಇಟಲಿಯವರಿಗೆ ಮೀಡರ್‌ವಿಲ್, ಐರಿಷರಿಗೆ ಡಬ್ಲಿನ್ ಗಲ್ಚ್. ಸರ್ಬಿಯಾದವರು, ಕ್ರೊಯೇಷಿಯಾದವರು, ಲೆಬನಾನಿನವರು ಕೂಡ ಇದ್ದರು. ಗಣಿಯಲ್ಲಿ ಬೀಡಿ ಸಿಗರೇಟು ಸೇದಬೇಡಿ ಅನ್ನುವ ಫಲಕವನ್ನು 16 ಭಾಷೆಗಳಲ್ಲಿ ಬರೆಸಬೇಕಾಗಿತ್ತು ಅನ್ನುವುದು ಆ ಊರಿನ ನೆಚ್ಚಿನ ಮಾತು. ಮೂರು ಪಾಳಿಯಲ್ಲಿ ಗಣಿ ನಡೆಯುತ್ತಿತ್ತು, ಬೋರ್ಡಿಂಗ್ ಮನೆಗಳಲ್ಲಿ ಒಬ್ಬ ಎದ್ದು ಹೋದ ಹಾಸಿಗೆಯ ಮೇಲೆ ಪಾಳಿ ಮುಗಿಸಿ ಬಂದ ಇನ್ನೊಬ್ಬ ಮಲಗುತ್ತಿದ್ದ. ಆ ಮನೆಗಳಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು, ಹೋಟೆಲುಗಳಲ್ಲಿ ಬಡಿಸುತ್ತಿದ್ದ ಹೆಂಗಸರು 1890ರಷ್ಟು ಹಿಂದೆಯೇ ತಮ್ಮದೇ ಒಂದು ಯೂನಿಯನ್ ಕಟ್ಟಿಕೊಂಡಿದ್ದರು ಅನ್ನುವುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಚೀನೀಯರ ವಿಷಯ ಬೇರೆಯಾಗಿಯೇ ಹೇಳಬೇಕು, ಮುಚ್ಚಿಡಬಾರದು. ಅವರನ್ನು ಗಣಿಯೊಳಗೆ ಸೇರಿಸುತ್ತಿರಲಿಲ್ಲ. ಲಾಂಡ್ರಿ, ತರಕಾರಿ, ಹೋಟೆಲು, ಔಷಧಿ ಅಂಗಡಿ ಇಟ್ಟುಕೊಂಡು ಬದುಕಿದರು. 1890ರ ದಶಕದಲ್ಲಿ ಅವರ ಅಂಗಡಿಗಳಿಗೆ ಹೋಗಬೇಡಿ ಅಂತ ಬಹಿಷ್ಕಾರ ಹಾಕಿದವರು ಯಾರು? ಗಣಿ ಮಾಲೀಕರಲ್ಲ, ಕಾರ್ಮಿಕ ಸಂಘಗಳೇ. ತಮ್ಮ ಕೂಲಿಗಾಗಿ ಅಷ್ಟು ಗಟ್ಟಿಯಾಗಿ ನಿಂತ ಜನ ಪಕ್ಕದ ಬೀದಿಯ ಬಡವನನ್ನು ಹೊರಗಟ್ಟಲು ನಿಂತರು. ಚೀನೀಯರು ಊರು ಬಿಟ್ಟು ಓಡಲಿಲ್ಲ, ಕೋರ್ಟಿಗೆ ಹೋದರು, ಗೆದ್ದರು. ಅವರ ವಾ ಚಾಂಗ್ ತಾಯ್ ಅಂಗಡಿ ಮತ್ತು ಮಾಯ್ ವಾ ಕಟ್ಟಡ ಈಗ ವಸ್ತುಸಂಗ್ರಹಾಲಯ. 1911ರಲ್ಲಿ ಶುರುವಾದ ಪೆಕಿನ್ ನೂಡಲ್ ಪಾರ್ಲರ್‌ಗೆ ಅಮೆರಿಕದ ಅತಿ ಹಳೆಯ ಚೀನೀ ಹೋಟೆಲುಗಳಲ್ಲೊಂದು ಎಂಬ ಹೆಸರಿದೆ. ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಒಂದೊಂದು ಮೇಜಿಗೂ ಮರದ ಗೋಡೆ ಹಾಕಿ ಪುಟ್ಟ ಕೋಣೆ ಮಾಡಿದ್ದಾರೆ. ಅಲ್ಲಿ ಕೂತಾಗ ಗೋಡೆಯಾಚೆಯ ಮಾತು ಕಿವಿಗೆ ಬೀಳುತ್ತಿರುತ್ತದೆ, ಮುಖ ಕಾಣುವುದಿಲ್ಲ.

ಹೊಗೆಯ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷಗಳಲ್ಲಿ ಅದಿರನ್ನು ಬಯಲಿನಲ್ಲೇ ಸೌದೆಯ ಜೊತೆ ರಾಶಿ ಹಾಕಿ ಸುಡುತ್ತಿದ್ದರು. ಅದರಿಂದ ಗಂಧಕ, ಆರ್ಸೆನಿಕ್ ತುಂಬಿದ ಹೊಗೆ ಏಳುತ್ತಿತ್ತು. ಮಧ್ಯಾಹ್ನವೇ ದೀಪ ಹಚ್ಚಬೇಕಾದ ದಿನಗಳಿದ್ದವು. ಮರವೆಲ್ಲ ಸತ್ತು ಗುಡ್ಡ ಬೋಳಾಯಿತು. 1889ರಲ್ಲಿ ಮೊಂಟಾನಾ ಸಂವಿಧಾನ ರಚಿಸುವ ಸಭೆಯಲ್ಲಿ ಇದೇ ಕ್ಲಾರ್ಕ್ ಎದ್ದು ನಿಂತು, ಆ ಹೊಗೆಯಲ್ಲಿರುವ ಆರ್ಸೆನಿಕ್‌ನಿಂದ ಬ್ಯೂಟ್‌ನ ಹೆಂಗಸರ ಮೈಬಣ್ಣ ಚೆನ್ನಾಗಿದೆ ಅಂತ ಹೇಳಿದ. ಅದೇ ಊರಿನ ಆಸ್ಪತ್ರೆಗಳಲ್ಲಿ ಉಸಿರು ಸಿಗದೆ ಜನ ಸಾಯುತ್ತಿದ್ದರು. ಗಣಿಯ ಒಳಗಿನ ಗಾಳಿ ಇನ್ನೂ ಕೆಟ್ಟದ್ದು. ಒಣ ಬಂಡೆಗೆ ಯಂತ್ರದಿಂದ ಕೊರೆದಾಗ ಏಳುವ ಕಲ್ಲಿನ ಹುಡಿ ಶ್ವಾಸಕೋಶದಲ್ಲಿ ಕೂತು ಅದನ್ನೇ ಕಲ್ಲು ಮಾಡುತ್ತಿತ್ತು. ಸಿಲಿಕೋಸಿಸ್. ಕೆಜಿಎಫ್‌ನಲ್ಲಿ ಎಷ್ಟು ಮನೆಗಳಲ್ಲಿ ಈ ಪದ ಗೊತ್ತು ಅಂತ ನಿಮಗೆ ಗೊತ್ತಿದೆ. 1916ರಿಂದ 1919ರವರೆಗೆ ಅಮೆರಿಕ ಸರ್ಕಾರದ ಗಣಿ ಇಲಾಖೆಯ ವೈದ್ಯರು ಬ್ಯೂಟ್‌ನಲ್ಲಿ ಸುಮಾರು ಸಾವಿರ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಈ ಕಾಯಿಲೆ ಕಂಡಿತ್ತು.

ಇಂಥ ಕೆಲಸ ಮಾಡುವವರು ಒಗ್ಗಟ್ಟಾಗದೆ ಇರಲು ಸಾಧ್ಯವಿಲ್ಲ. 1878ರಲ್ಲೇ ಅಲ್ಲಿ ಯೂನಿಯನ್ ಬಂತು. 1893ರಲ್ಲಿ ಅಮೆರಿಕದ ಪಶ್ಚಿಮ ಭಾಗದ ಗಣಿ ಕಾರ್ಮಿಕರ ಒಕ್ಕೂಟ ಹುಟ್ಟಿದ್ದು ಬ್ಯೂಟ್‌ನಲ್ಲಿ, ಅದರ ಒಂದನೇ ನಂಬರಿನ ಶಾಖೆ ಬ್ಯೂಟ್‌ನದು. ದಿನಕ್ಕೆ ಮೂರೂವರೆ ಡಾಲರ್ ಕೂಲಿ, ಆ ಕಾಲಕ್ಕೆ ಅದು ದೊಡ್ಡ ಕೂಲಿ. ಆದರೆ ಅನಕೊಂಡಾ ಕಂಪನಿ ಬೆಳೆಯುತ್ತ ಹೋಯಿತು. ಗಣಿ ಅದರದು, ಕುಲುಮೆ ಅದರದು, ಕಾಡು ಅದರದು, ರಾಜ್ಯದ ಹೆಚ್ಚಿನ ದಿನಪತ್ರಿಕೆಗಳೂ ಅದರವೇ. 1959ರವರೆಗೂ ಆ ಪತ್ರಿಕೆಗಳು ಕಂಪನಿಯ ಕೈಯಲ್ಲಿದ್ದವು. 1912ರಲ್ಲಿ ‘ರಸ್ಲಿಂಗ್ ಕಾರ್ಡ್’ ತಂದರು. ಕೆಲಸ ಹುಡುಕಬೇಕಾದರೂ ಮೊದಲು ಕಂಪನಿಯಿಂದ ಈ ಕಾರ್ಡು ಪಡೆಯಬೇಕು. ಯೂನಿಯನ್ ಅಂತ ಬಾಯಿ ಬಿಟ್ಟವನಿಗೆ ಕಾರ್ಡಿಲ್ಲ.

ಈಗ 1917ರ ಜೂನ್ 8ರ ರಾತ್ರಿಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಗ್ರಾನೈಟ್ ಮೌಂಟನ್ ಅಂತ ಒಂದು ಶಾಫ್ಟು, ಅದರ ಜೊತೆಗೆ ಸ್ಪೆಕ್ಯುಲೇಟರ್ ಅಂತ ಇನ್ನೊಂದು. ಎರಡೂ ನಾರ್ತ್ ಬ್ಯೂಟ್ ಎಂಬ ಕಂಪನಿಯವು. ಬೆಂಕಿಯಿಂದ ರಕ್ಷಣೆಗಾಗಿ ನೀರು ಚಿಮ್ಮಿಸುವ ವ್ಯವಸ್ಥೆ ಮಾಡುತ್ತಿದ್ದರು, ಅದಕ್ಕೆ ವಿದ್ಯುತ್ ಕೇಬಲ್ ಕೆಳಗಿಳಿಸಬೇಕಿತ್ತು. ಮೂರು ಟನ್ ತೂಕದ, ಸುಮಾರು 1,200 ಅಡಿ ಉದ್ದದ ಕೇಬಲ್. ಇಳಿಸುವಾಗ ಜಾರಿ ಶಾಫ್ಟಿನೊಳಗೆ ಬಿದ್ದು ಸುರುಳಿ ಸುತ್ತಿಕೊಂಡಿತು. ಮೇಲಿನ ಸೀಸದ ಕವಚ ಹರಿದು ಒಳಗಿನ ಎಣ್ಣೆ ಹೀರಿದ ಬಟ್ಟೆ ಹೊರಗೆ ಬಂತು. ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಅದನ್ನು ನೋಡಲು ಇಳಿದ ಅಧಿಕಾರಿಯ ಕಾರ್ಬೈಡ್ ದೀಪದ ಜ್ವಾಲೆ ಆ ಬಟ್ಟೆಗೆ ತಗುಲಿತು. ಗ್ರಾನೈಟ್ ಮೌಂಟನ್ ಗಣಿಗೆ ಗಾಳಿ ಒಳಗೆ ಹೋಗುವ ಶಾಫ್ಟು. ಅಂದರೆ ಉರಿ ಮೇಲಕ್ಕೆ ಹೋಗಿ ತಣ್ಣಗಾಗುವ ಹಾಗಿರಲಿಲ್ಲ. ಹೊಗೆಯನ್ನೂ ವಿಷದ ಅನಿಲವನ್ನೂ ಗಾಳಿಯೇ ಸುರಂಗಗಳ ಒಳಕ್ಕೆ ತಳ್ಳಿತು. ಆಗ ಕೆಳಗೆ 400ಕ್ಕೂ ಹೆಚ್ಚು ಜನರಿದ್ದರು. ಓಡಿದವರಲ್ಲಿ ಎಷ್ಟೋ ಜನ ಪಕ್ಕದ ಗಣಿಗಳ ಕಡೆ ಓಡಿ, ಅಲ್ಲಿ ದಾರಿಗೆ ಅಡ್ಡ ಕಟ್ಟಿದ್ದ ಕಾಂಕ್ರೀಟ್ ಗೋಡೆ ಸಿಕ್ಕಿ ನಿಂತರು. ಅಂಥ ಗೋಡೆಗಳಲ್ಲಿ ತೆರೆಯುವ ಕಬ್ಬಿಣದ ಬಾಗಿಲಿರಬೇಕು ಅಂತ ಕಾನೂನಿತ್ತು. ಬಾಗಿಲಿರಲಿಲ್ಲ. ಸತ್ತವರು 168 ಜನ. ಸುಟ್ಟು ಸತ್ತವರು ಕೆಲವೇ ಮಂದಿ. ಉಳಿದವರನ್ನು ಕೊಂದದ್ದು ಅನಿಲ. ಲೋಹದ ಗಣಿಗಳಲ್ಲಿ ಅಮೆರಿಕ ಕಂಡ ಅತಿ ದೊಡ್ಡ ದುರಂತ ಇವತ್ತಿಗೂ ಅದೇ.

ಆ ರಾತ್ರಿ 2,400 ಅಡಿ ಆಳದಲ್ಲಿ ಮಾನಸ್ ಡುಗ್ಗನ್ ಎಂಬ ಯುವಕನಿದ್ದ. ಕೆಲಸಗಾರರಿಗೆ ಉಪಕರಣ ಹೊತ್ತು ಕೊಡುವುದು ಅವನ ಕೆಲಸ, ಗಣಿಯ ಮೂಲೆಮೂಲೆ ಗೊತ್ತಿದ್ದವನು. ಓಡುತ್ತಿದ್ದವರನ್ನು ತಡೆದು, ಒಂದು ಕುರುಡು ಸುರಂಗದೊಳಗೆ ಸೇರಿಸಿ, ಹಲಗೆ, ಮಣ್ಣು, ಕೊನೆಗೆ ಎಲ್ಲರೂ ಬಿಚ್ಚಿಕೊಟ್ಟ ಬಟ್ಟೆಗಳನ್ನೂ ತುರುಕಿ ಅಡ್ಡಗೋಡೆ ಕಟ್ಟಿಸಿದ. ಗೋಡೆಯ ಹಿಂದೆ 29 ಜನ. ಒಂದೂವರೆ ದಿನ ಅಲ್ಲೇ ಕೂತರು. ದೀಪ ಉರಿಯಲು ಬೇಕಾದಷ್ಟು ಗಾಳಿಯೂ ಉಳಿಯಲಿಲ್ಲ. ಆ ಕತ್ತಲಲ್ಲಿ ಡುಗ್ಗನ್ ಹೆಂಡತಿಗೆ ಕಾಗದ ಬರೆದ. ಇಷ್ಟು ಹಠಾತ್ತಾಗಿ ನಿನ್ನನ್ನು ಬಿಟ್ಟುಹೋಗಬೇಕಾದದ್ದಕ್ಕೆ ಎದೆ ಒಡೆಯುತ್ತಿದೆ, ಆದರೆ ಸಾವು ಬಂದರೆ ನಿದ್ದೆಯಲ್ಲೇ ನೋವಿಲ್ಲದೆ ಬರುತ್ತದೆ, ನನ್ನ ಬಗ್ಗೆ ಚಿಂತೆ ಮಾಡಬೇಡ ಅನ್ನುವ ಅರ್ಥದ ಮಾತುಗಳು ಅದರಲ್ಲಿವೆ. ಆಕೆ ತುಂಬು ಗರ್ಭಿಣಿ. ಕೊನೆಗೆ ಗೋಡೆ ಒಡೆದು ಹೊರಬಂದಾಗ 25 ಜನ ಬದುಕಿದರು. ಡುಗ್ಗನ್ ಬದುಕಲಿಲ್ಲ. ಅಷ್ಟು ಜನರನ್ನು ಬದುಕಿಸಿದವನ ಶವ ಆಮೇಲೆ ಸುರಂಗದಲ್ಲಿ ಸಿಕ್ಕಿತು.

ಆ ಶಾಫ್ಟನ್ನು ನೋಡುವ ಹಾಗೆ ಒಂದು ದಿಬ್ಬದ ಮೇಲೆ ಸ್ಮಾರಕ ಮಾಡಿದ್ದಾರೆ. ಒಳಗೆ ಸಿಕ್ಕಿಕೊಂಡವರು ಬರೆದ ಕಾಗದಗಳ ಮಾತುಗಳನ್ನು ಅಲ್ಲಿ ಓದಬಹುದು. ನಾನು ಹೋದ ದಿನ ಗಾಳಿ ಜೋರಾಗಿತ್ತು. ನನ್ನನ್ನು ಕರೆದುಕೊಂಡು ಹೋಗಿದ್ದ ಹಿರಿಯರು ಮೂವತ್ತು ವರ್ಷ ಗಣಿಯಲ್ಲಿ ದುಡಿದವರು, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು, ಒಂದು ಮಾತೂ ಆಡಲಿಲ್ಲ. ವಾಪಸು ಬಿಡುವಾಗ ಮಾತ್ರ ‘ಟ್ಯಾಪ್ ಅರ್ ಲೈಟ್’ ಅಂದರು. ಬ್ಯೂಟ್‌ನವರು ‘ಹೋಗಿ ಬನ್ನಿ’ ಅನ್ನುವ ಬದಲು ಹೇಳುವ ಮಾತು ಅದು. ಕೊರೆದ ತೂತಿನೊಳಗೆ ಡೈನಮೈಟ್ ತುಂಬುವಾಗ ಕೋಲಿನಿಂದ ಮೆಲ್ಲಗೆ ತಟ್ಟಬೇಕು, ಜೋರಾಗಿ ತಟ್ಟಿದರೆ ಮುಗಿಯಿತು. ಮೆಲ್ಲಗೆ ತಟ್ಟು, ಜೋಪಾನ ಅಂತ ಅರ್ಥ.

ಬೆಂಕಿಯ ಬಿಸಿ ಆರುವ ಮೊದಲೇ ಮುಷ್ಕರ ಎದ್ದಿತು. ಸುಮಾರು 15 ಸಾವಿರ ಜನ ಕೆಲಸ ಬಿಟ್ಟರು. ಸುರಕ್ಷತೆ ಬೇಕು, ಆ ರಸ್ಲಿಂಗ್ ಕಾರ್ಡು ಹೋಗಬೇಕು. ಅವರ ಬೆಂಬಲಕ್ಕೆ ಫ್ರಾಂಕ್ ಲಿಟ್ಲ್ ಎಂಬ ಸಂಘಟಕ ಬಂದ. ಊರುಗೋಲು ಊರಿ ನಡೆಯುತ್ತಿದ್ದವನು. ಅಮೆರಿಕ ಆಗಷ್ಟೇ ಮೊದಲ ಮಹಾಯುದ್ಧಕ್ಕೆ ಇಳಿದಿತ್ತು, ಲಿಟ್ಲ್ ಯುದ್ಧದ ವಿರುದ್ಧವೂ ಮಾತಾಡಿದ. ಆಗಸ್ಟ್ 1ರ ಬೆಳಗಿನ ಜಾವ ಮುಸುಕು ಹಾಕಿದ ಆರು ಜನ ಬೋರ್ಡಿಂಗ್ ಮನೆಯಿಂದ ಅವನನ್ನು ಎಳೆದೊಯ್ದು, ಕಾರಿಗೆ ಕಟ್ಟಿ ಎಳೆದು, ಊರ ಹೊರಗಿನ ರೈಲು ಸೇತುವೆಗೆ ನೇಣು ಹಾಕಿದರು. ಅವನ ಶವಯಾತ್ರೆಯಲ್ಲಿ ಸಾವಿರಾರು ಜನ ನಡೆದರು. ಕೊಲೆಗಾರರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಅದಾದ ಮೇಲೆ ಬಂದದ್ದು ಕಾನೂನು, ಆದರೆ ಕೊಂದವರ ವಿರುದ್ಧವಲ್ಲ, ಮಾತಾಡುವವರ ವಿರುದ್ಧ. 1918ರ ಫೆಬ್ರವರಿಯಲ್ಲಿ ಮೊಂಟಾನಾ ಮಾಡಿದ ದೇಶದ್ರೋಹ ಕಾಯ್ದೆಯ ಮಾದರಿಯಲ್ಲೇ ಮೇ ತಿಂಗಳಲ್ಲಿ ಇಡೀ ಅಮೆರಿಕಕ್ಕೆ ಕಾಯ್ದೆ ಬಂತು. ಆ ರಾಜ್ಯದ ಕಾಯ್ದೆಯಲ್ಲಿ ಶಿಕ್ಷೆ ಅನುಭವಿಸಿದ ಜನರಿಗೆ 2006ರಲ್ಲಿ ಅಲ್ಲಿಯ ಗವರ್ನರ್ ಮರಣೋತ್ತರ ಕ್ಷಮೆ ಕೊಟ್ಟರು. ಅಷ್ಟು ಹೊತ್ತಿಗೆ ಸುಮಾರು 90 ವರ್ಷ ಕಳೆದಿತ್ತು.

ಆಮೇಲೆ ಊರು ಇಳಿಯತೊಡಗಿತು. ಗುಡ್ಡದ ಒಳಗೆ ಇಳಿದು ತಾಮ್ರ ತೆಗೆಯುವುದು ದುಬಾರಿಯಾಯಿತು. ಕಂಪನಿ 1955ರಲ್ಲಿ ಗುಡ್ಡವನ್ನು ಮೇಲಿನಿಂದಲೇ ಅಗೆಯಲು ಶುರು ಮಾಡಿತು. ಅದೇ ಬರ್ಕ್‌ಲಿ ಪಿಟ್. ಪಿಟ್ ಅಗಲವಾದ ಹಾಗೆಲ್ಲ ಊರನ್ನು ತಿಂದಿತು. ಇಟಲಿಯವರ ಮೀಡರ್‌ವಿಲ್ ಹೋಯಿತು, ಮೆಕ್‌ಕ್ವೀನ್ ಹೋಯಿತು, ಮನೆ, ಚರ್ಚು, ಅಂಗಡಿ, ಹೋಟೆಲು ಎಲ್ಲ ಹೋಯಿತು. ಊರಿನ ಮಕ್ಕಳೆಲ್ಲ ಟ್ರಾಮಿನಲ್ಲಿ ಆಡಲು ಹೋಗುತ್ತಿದ್ದ ಕೊಲಂಬಿಯಾ ಗಾರ್ಡನ್ಸ್ ಎಂಬ ಉದ್ಯಾನವನ್ನು 1899ರಲ್ಲಿ ಕ್ಲಾರ್ಕ್ ಮಾಡಿಸಿದ್ದ. 1973ರಲ್ಲಿ ಅದನ್ನೂ ಮುಚ್ಚಿದರು. ಎಪ್ಪತ್ತು ದಾಟಿದ ಯಾರನ್ನಾದರೂ ಆ ಉದ್ಯಾನದ ಬಗ್ಗೆ ಕೇಳಿ ನೋಡಿ, ಉಯ್ಯಾಲೆಯ ಬಣ್ಣವನ್ನೂ ಹೇಳುತ್ತಾರೆ. 1971ರಲ್ಲಿ ಚಿಲಿ ದೇಶ ತನ್ನ ತಾಮ್ರದ ಗಣಿಗಳನ್ನು ರಾಷ್ಟ್ರೀಕರಣ ಮಾಡಿದಾಗ ಅನಕೊಂಡಾ ಕಂಪನಿಗೆ ಬಿದ್ದ ಪೆಟ್ಟು ಬ್ಯೂಟ್‌ಗೂ ತಾಗಿತು. 1977ರಲ್ಲಿ ಆರ್ಕೋ ಎಂಬ ತೈಲ ಕಂಪನಿ ಅನಕೊಂಡಾವನ್ನು ಕೊಂಡಿತು. 1982ರ ಏಪ್ರಿಲ್ 22ರಂದು ಪಿಟ್ ಮುಚ್ಚಿತು, ಅದೇ ವರ್ಷ ಪಂಪುಗಳನ್ನೂ ನಿಲ್ಲಿಸಿದರು.

ಪಂಪು ನಿಲ್ಲಿಸುವುದು ಅಂದರೆ ಏನು ಅಂತ ಗಣಿ ಊರಿನವರಿಗೆ ಮಾತ್ರ ಪೂರ್ತಿ ಅರ್ಥವಾಗುತ್ತದೆ. ಗಣಿ ಅಂದರೆ ಬಾವಿಯೇ. ನೀರನ್ನು ಹಗಲೂ ರಾತ್ರಿ ಮೇಲೆತ್ತುತ್ತಿದ್ದರೆ ಮಾತ್ರ ಅದು ಗಣಿ. 2001ರ ಫೆಬ್ರವರಿ 28ರಂದು ಕೆಜಿಎಫ್ ಮುಚ್ಚಿದ ಮೇಲೆ ನಮ್ಮ ಶಾಫ್ಟುಗಳಲ್ಲಿ ನೀರು ಹೇಗೆ ಏರಿತು ಅಂತ ಈ ಸಭೆಯಲ್ಲಿರುವ ಕೆಲವರು ಕಣ್ಣಾರೆ ಕಂಡಿದ್ದೀರಿ. ಬ್ಯೂಟ್‌ನಲ್ಲೂ ಸಾವಿರಾರು ಮೈಲಿ ಸುರಂಗದಲ್ಲಿ ನೀರು ತುಂಬುತ್ತ ಬಂದು 1983ರ ಕೊನೆಯ ಹೊತ್ತಿಗೆ ಪಿಟ್‌ನ ತಳ ಮುಟ್ಟಿತು. ಆ ಬಂಡೆಯಲ್ಲಿ ಪೈರೈಟ್ ಇದೆ, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಗಾಳಿಯೂ ನೀರೂ ತಾಗಿದರೆ ಅದು ಗಂಧಕಾಮ್ಲವಾಗುತ್ತದೆ. ಆಮ್ಲ ಬಂಡೆಯಲ್ಲಿರುವ ತಾಮ್ರ, ಕ್ಯಾಡ್ಮಿಯಂ, ಸತು, ಆರ್ಸೆನಿಕ್ ಎಲ್ಲವನ್ನೂ ಕರಗಿಸಿಕೊಳ್ಳುತ್ತದೆ. ಒಂದು ಮೈಲಿ ಉದ್ದ, ಅರ್ಧ ಮೈಲಿ ಅಗಲ, 1,780 ಅಡಿ ಆಳದ ಗುಂಡಿಯಲ್ಲಿ ಈ ನೀರು. ಒಂದು ಕಾಲಕ್ಕೆ ಅದು ನಿಂಬೆರಸದಷ್ಟು ಹುಳಿಯಾಗಿತ್ತು. ಆ ನೀರನ್ನು ಹಳೆಯ ಕಬ್ಬಿಣದ ತುಂಡುಗಳ ಮೇಲೆ ಹರಿಸಿದರೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಹಾಗೆ ತಾಮ್ರ ತೆಗೆದದ್ದೂ ಉಂಟು.

ಪಿಟ್ ನೋಡಲು ಟಿಕೆಟ್ ಕೊಟ್ಟು ಹೋಗಬೇಕು. ಬೆಳಕು ಕಡಿಮೆ ಇರುವ ಉದ್ದನೆಯ ಸುರಂಗದಲ್ಲಿ ನಡೆದು ಆಚೆ ಬಂದರೆ ಮರದ ಕಟ್ಟೆ. ಎದುರಿಗೆ ಕಂದು, ಹಳದಿ, ಕೆಂಪು ಮೆಟ್ಟಿಲುಗಳ ಗೋಡೆ, ಕೆಳಗೆ ಕದಲದೆ ನಿಂತ ಕಡುಗಂದು ನೀರು. ಕೆರೆ ಅಂದರೆ ನಮಗೆ ಏನೇನು ನೆನಪಿಗೆ ಬರುತ್ತದೆ? ಬೆಳ್ಳಕ್ಕಿ, ಏಡಿ, ದಡದಲ್ಲಿ ಎಮ್ಮೆ. ಅಲ್ಲಿ ದಡದಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ನಾನು ಹದಿನೈದು ನಿಮಿಷ ನಿಂತೆ, ಒಂದು ಸದ್ದೂ ಕೇಳಿಸಲಿಲ್ಲ.

1995ರ ನವೆಂಬರಿನಲ್ಲಿ ದಕ್ಷಿಣಕ್ಕೆ ವಲಸೆ ಹೊರಟ ಬಿಳಿ ಹೆಬ್ಬಾತುಗಳ ಹಿಂಡು ಬಿರುಗಾಳಿ, ಮಂಜಿಗೆ ಸಿಕ್ಕಿ ಈ ನೀರಿಗೆ ಇಳಿಯಿತು. 342 ಹಕ್ಕಿ ಸತ್ತಿದ್ದವು. 2016ರಲ್ಲಿ ಮತ್ತೆ ಹಾಗೇ ಆಯಿತು. ಆ ಸಲ ಸಾವಿರಾರು ಹೆಬ್ಬಾತುಗಳು ಬಂದಿಳಿದವು, 3 ಸಾವಿರಕ್ಕೂ ಹೆಚ್ಚು ಸತ್ತವು. ಈಗ ವಲಸೆಯ ಕಾಲದಲ್ಲಿ ಅಲ್ಲಿ ಕಾವಲಿರುತ್ತದೆ. ಹಕ್ಕಿ ಕಂಡರೆ ಸೈರನ್ನು, ಗುಂಡಿನ ಸದ್ದು, ಲೇಸರ್ ಬೆಳಕು ಬಳಸಿ ಎಬ್ಬಿಸುತ್ತಾರೆ. ಹೊಲದಲ್ಲಿ ಅಟ್ಟಣೆಯ ಮೇಲೆ ಕೂತು ಕವಣೆ ಬೀಸುತ್ತಿದ್ದ ನಮ್ಮ ಅಜ್ಜಂದಿರು ಕಾಳು ಉಳಿಸಲು ಹಕ್ಕಿ ಓಡಿಸುತ್ತಿದ್ದರು. ಇಲ್ಲಿ ಹಕ್ಕಿ ಉಳಿಸಲು ಹಕ್ಕಿ ಓಡಿಸುತ್ತಾರೆ.

ಮೊದಲು ಹೇಳಿದ ಸಿಲ್ವರ್ ಬೋ ತೊರೆಗೆ ಬರೋಣ. ನೂರು ವರ್ಷ ಗಣಿಯ ಕೊಳಕೆಲ್ಲ ಸೇರಿದ್ದು ಅದಕ್ಕೆ. 1908ರ ದೊಡ್ಡ ನೆರೆ ಆ ವಿಷದ ಹೂಳನ್ನು 100 ಮೈಲಿಗೂ ದೂರದ ಮಿಲ್‌ಟೌನ್ ಅಣೆಕಟ್ಟಿನವರೆಗೆ ಒಯ್ದು ಹರಡಿತ್ತು. 1983ರಲ್ಲಿ ಅಮೆರಿಕ ಸರ್ಕಾರ ಇದನ್ನು ಸೂಪರ್‌ಫಂಡ್ ಪಟ್ಟಿಗೆ ಸೇರಿಸಿತು. ಮಾಲಿನ್ಯ ಮಾಡಿದವರೇ ಶುದ್ಧ ಮಾಡುವ ಖರ್ಚು ಕೊಡಬೇಕು ಅನ್ನುವ ಕಾನೂನು ಅದು. ಅನಕೊಂಡಾವನ್ನು ಕೊಂಡ ಕಂಪನಿ ಅದರ ಆಸ್ತಿಯ ಜೊತೆ ಅದರ ಹೊಲಸನ್ನೂ ಕೊಂಡಂತಾಯಿತು. ಮಿಲ್‌ಟೌನ್ ಅಣೆಕಟ್ಟನ್ನು 2008ರಲ್ಲಿ ಒಡೆದು ಹೂಳು ತೆಗೆದರು. ತೊರೆಯ ದಡದ ಮಣ್ಣನ್ನು ಲಾರಿಗಟ್ಟಲೆ ಹೊತ್ತು ಬೇರೆ ಕಡೆ ಹಾಕಿ ಹೊಸ ಮಣ್ಣು ತುಂಬಿ ಗಿಡ ನೆಟ್ಟರು. ಮೀನೇ ಇಲ್ಲದಿದ್ದ ನೀರಿಗೆ ಟ್ರೌಟ್ ಮೀನು ಮರಳಿದೆ. ಇದು ತಾನಾಗಿ ಆದದ್ದಲ್ಲ. ಊರಿನ ಜನ ವರ್ಷಗಟ್ಟಲೆ ಸಭೆಗಳಲ್ಲಿ ಕೂತು, ನಕ್ಷೆ ಹಿಡಿದು, ವಾದ ಮಾಡಿ ಪಡೆದದ್ದು. ಚಿನ್ನ ತೆಗೆದ ಮೇಲೆ ಉಳಿದ ಹುಡಿಯನ್ನು ರಾಶಿ ಹಾಕಿದ ಕೆಜಿಎಫ್‌ನ ನಮ್ಮ ಸೈನೈಡ್ ದಿಬ್ಬಗಳಿಂದ ಗಾಳಿಯ ತಿಂಗಳಲ್ಲಿ ಹುಡಿ ಎದ್ದಾಗಲೆಲ್ಲ ನನಗೆ ಆ ಸಭೆಗಳು ನೆನಪಾಗುತ್ತವೆ.

‘ಅಂಥ ಊರಲ್ಲಿ ಜನ ಯಾಕೆ ಉಳಿದಿದ್ದಾರೆ?’ ಅಂತ ಈಗ ತಾನೇ ಒಬ್ಬರು ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಈಗ ಅಲ್ಲಿ ಸುಮಾರು 35 ಸಾವಿರ ಜನ. 1920ರಲ್ಲಿ ಸುತ್ತಲ ಪ್ರದೇಶ ಸೇರಿ 60 ಸಾವಿರ ದಾಟಿತ್ತು. ಅರ್ಧದಷ್ಟು ಜನ ಹೋದರು ಅನ್ನುವುದು ನಿಜ. ಉಳಿದವರಿಗೆ ಕೆಲಸವೂ ಇದೆ. 1986ರಿಂದ ಪಕ್ಕದ ಕಾಂಟಿನೆಂಟಲ್ ಪಿಟ್‌ನಲ್ಲಿ ಮತ್ತೆ ತಾಮ್ರ ತೆಗೆಯುತ್ತಿದ್ದಾರೆ. 1900ರಲ್ಲಿ ಗಣಿ ಶಾಲೆಯಾಗಿ ಶುರುವಾದ ಮೊಂಟಾನಾ ಟೆಕ್ ಕಾಲೇಜು ನಡೆಯುತ್ತಿದೆ, ಅಲ್ಲಿಯ ವಿಜ್ಞಾನಿಗಳು ಅದೇ ಪಿಟ್ ನೀರಿನಲ್ಲಿ ಬದುಕಿರುವ ಸೂಕ್ಷ್ಮಜೀವಿಗಳನ್ನು ಕಂಡುಹಿಡಿದು ಅವುಗಳಿಂದ ಔಷಧಿ ಸಿಗಬಹುದೇ ಅಂತ ಹುಡುಕಿದರು. ಆದರೆ ಕೆಲಸದ ಮಾತಷ್ಟೇ ಉತ್ತರವಾಗುವುದಿಲ್ಲ. ಇನ್ನೊಂದು ಹೇಳುತ್ತೇನೆ. 1979ರಲ್ಲಿ ಒಬ್ಬ ಕಾರ್ಮಿಕ, ಕಾಯಿಲೆಬಿದ್ದ ಹೆಂಡತಿ ಗುಣವಾದರೆ ಮೇರಿ ಮಾತೆಯ ಮೂರ್ತಿ ಮಾಡಿಸುತ್ತೇನೆ ಅಂತ ಹರಕೆ ಹೊತ್ತ. ಆಕೆ ಗುಣವಾದಳು. ಅಷ್ಟರಲ್ಲಿ ಗಣಿ ಮುಚ್ಚುತ್ತ ಬಂತು, ಕೆಲಸ ಕಳೆದುಕೊಂಡವರೆಲ್ಲ ಬಂದು ಸೇರಿಕೊಂಡರು. ವೆಲ್ಡಿಂಗ್ ಗೊತ್ತಿದ್ದವನು ವೆಲ್ಡಿಂಗ್ ಮಾಡಿದ, ಲಾರಿ ಇದ್ದವನು ಲಾರಿ ಕೊಟ್ಟ, ಬಂಡೆ ಸಿಡಿಸುವವರು ಬೆಟ್ಟಕ್ಕೆ ರಸ್ತೆ ಮಾಡಿದರು. ಕ್ಯಾಥೊಲಿಕ್ ಅಲ್ಲದವರೂ ಬಂದರು. ಊರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಸಂಬಳ ನಿಂತಿದ್ದ ವರ್ಷಗಳವು. 90 ಅಡಿಯ ಉಕ್ಕಿನ ಮೂರ್ತಿಯನ್ನು ತುಂಡುತುಂಡಾಗಿ ಹೆಲಿಕಾಪ್ಟರ್‌ನಲ್ಲಿ ಎತ್ತಿ 1985ರ ಡಿಸೆಂಬರಿನಲ್ಲಿ ಆ ಪೂರ್ವದ ಬೆಟ್ಟದ ನೆತ್ತಿಯ ಮೇಲೆ ನಿಲ್ಲಿಸಿದರು. ರಾತ್ರಿ ಅದಕ್ಕೆ ದೀಪ ಹಾಕುತ್ತಾರೆ. ಇತ್ತ ಗುಡ್ಡದ ಮೇಲಿನ ಹೆಡ್‌ಗೇರ್‌ಗಳ ಅಂಚಿಗೂ ಕೆಂಪು ದೀಪ. ಎದ್ದು ಹೋಗಲು ಕಾರಣ ಹತ್ತಿರುವ ಊರನ್ನು ಬಿಡಲಾರದವರು ಇವರು.

ಪಿಟ್‌ನ ನೀರಿನ ಲೆಕ್ಕ ಹೇಳಿ ಮುಗಿಸುತ್ತೇನೆ. ಆ ನೀರು ಸಮುದ್ರ ಮಟ್ಟದಿಂದ 5,410 ಅಡಿ ದಾಟಬಾರದು. ದಾಟಿದರೆ ಸುತ್ತಲಿನ ಅಂತರ್ಜಲ ಪಿಟ್ ಕಡೆಗೆ ಹರಿಯುವ ಬದಲು ಪಿಟ್‌ನ ನೀರೇ ಅಂತರ್ಜಲಕ್ಕೆ, ಅಲ್ಲಿಂದ ತೊರೆಗೆ ನುಗ್ಗುತ್ತದೆ. ಅದಕ್ಕೇ 2019ರಿಂದ ಪಿಟ್‌ನ ನೀರನ್ನು ಎತ್ತಿ, ಸುಣ್ಣ ಬೆರೆಸಿ ಆಮ್ಲ ಮುರಿದು, ಲೋಹ ತೆಗೆದು, ಶುದ್ಧ ಮಾಡಿ ತೊರೆಗೆ ಬಿಡುತ್ತಿದ್ದಾರೆ. ಮಟ್ಟ ಎಷ್ಟಿದೆ ಅನ್ನುವುದನ್ನು ಅಳೆದು ಊರಿಗೆ ತಿಳಿಸುತ್ತಾರೆ. ಅಕ್ಕಿಯ ಬೆಲೆ ಕೇಳುವಷ್ಟು ಸಹಜವಾಗಿ ಅಲ್ಲಿಯ ಜನ ಆ ಅಂಕಿ ಕೇಳುವುದನ್ನು ನಾನು ನೋಡಿದ್ದೇನೆ. ನೀರು ಶುದ್ಧ ಮಾಡುವ ಹೊಣೆ ಹೊತ್ತ ಕಂಪನಿಗಳು 2002ರಲ್ಲಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿವೆ. ಎಷ್ಟು ವರ್ಷ ಅಂತ ನಾನು ಆ ಹಿರಿಯರನ್ನು ಕೇಳಿದ್ದೆ. ಅವಧಿ ಬರೆದಿಲ್ಲ, ಎಂದೆಂದಿಗೂ ಅಂತ ಬರೆದಿದೆ ಅಂದರು.